ಓದುಗರ ಪ್ರಶ್ನೋತ್ತರ: ಒಂದು ಆಸಿಲೇಟರ್ ಇನ್ನೊಂದರ ಹಿಡಿತಕ್ಕೆ ಸಿಕ್ಕಾಗ

ಈ ಸಲ ಆಯ್ದ ಪತ್ರಗಳೆಲ್ಲ ಇಂಜೆಕ್ಷನ್ ಲಾಕಿಂಗ್ ಸುತ್ತಲಿನವು. ತಾನಾಗಿ ನಡೆಯುತ್ತಿರುವ ಆಸಿಲೇಟರಿಗೆ (ತಾನೇ ಅಲೆ ಹುಟ್ಟಿಸುವ ಸರ್ಕ್ಯೂಟಿಗೆ) ಹೊರಗಿನಿಂದ ಸಣ್ಣ ಸಿಗ್ನಲ್ ಸೇರಿಸಿದರೆ, ಎರಡರ ಫ್ರೀಕ್ವೆನ್ಸಿ ಸಾಕಷ್ಟು ಹತ್ತಿರವಿದ್ದಾಗ ಆಸಿಲೇಟರ್ ತನ್ನದನ್ನು ಬಿಟ್ಟು ಹೊರಗಿನದಕ್ಕೆ ಅಂಟಿಕೊಳ್ಳುತ್ತದೆ. ಇದೇ ಲಾಕ್, ಹೀಗೆ ಹಿಡಿಯಬಲ್ಲ ಫ್ರೀಕ್ವೆನ್ಸಿ ಅಂತರವೇ ಲಾಕ್ ವ್ಯಾಪ್ತಿ. ಕೆಲವರಿಗೆ ಇದು ಬೇಕು, ಕೆಲವರಿಗೆ ಇದೇ ಕಾಟ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ಬಿಸಿ 547 ಟ್ರಾನ್ಸಿಸ್ಟರಿನ ಕೋಲ್ಪಿಟ್ಸ್ ಆಸಿಲೇಟರ್ ಕಟ್ಟಿದ್ದೇನೆ. ಬೇಸಿನಿಂದ ಗ್ರೌಂಡಿಗೆ 100 ಮೈಕ್ರೋಹೆನ್ರಿ ಕಾಯಿಲ್ (ಡಿಸಿ ತಡೆಯಲು 10 ನ್ಯಾನೋಫ್ಯಾರಡ್ ಸರಣಿಯಲ್ಲಿ), ಬೇಸ್–ಎಮಿಟರ್ ನಡುವೆ ಮತ್ತು ಎಮಿಟರ್–ಗ್ರೌಂಡ್ ನಡುವೆ ತಲಾ 470 ಪಿಕೋಫ್ಯಾರಡ್, ಬಯಾಸಿಗೆ 47 ಕಿಲೋ ಓಮಿನ ಎರಡು ರೆಸಿಸ್ಟರ್, ಎಮಿಟರಿಗೆ 10 ಕಿಲೋ ಓಮ್, 9 ವೋಲ್ಟ್ ಬ್ಯಾಟರಿ. ಜನರೇಟರಿನಿಂದ 47 ಕಿಲೋ ಓಮ್ ಮೂಲಕ ಬೇಸಿಗೆ ಪೀಕ್ ಟು ಪೀಕ್ 3.5 ವೋಲ್ಟ್ ಕೊಡುತ್ತೇನೆ. ಕಾಯಿಲಿನ ಕ್ಯೂ (ನಷ್ಟ ಎಷ್ಟು ಕಡಿಮೆ ಎನ್ನುವ ಅಳತೆ) 45. ಆಡ್ಲರ್ ಸೂತ್ರದಂತೆ ಆಚೀಚೆ ಸುಮಾರು 1.15 ಕಿಲೋಹರ್ಟ್ಜ್ ಲಾಕ್ ಸಿಗಬೇಕು, ಆದರೆ 4 ಕಿಲೋಹರ್ಟ್ಜ್ ದೂರದವರೆಗೂ ಲಾಕ್ ಬಿಡುತ್ತಿಲ್ಲ. ಲೆಕ್ಕ ಎಲ್ಲಿ ತಪ್ಪಿತು ಸರ್?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸೂತ್ರ ಸರಿಯಾಗಿದೆ, ಅದಕ್ಕೆ ಹಾಕಿದ ಕ್ಯೂ ಸರಿಯಿಲ್ಲ. ರಾಬರ್ಟ್ ಆಡ್ಲರ್ 1946ರಲ್ಲಿ ಕೊಟ್ಟ ಸೂತ್ರದಲ್ಲಿ ಲಾಕ್ ವ್ಯಾಪ್ತಿಯ ಒಂದು ಬದಿ ಎಂದರೆ ಆಸಿಲೇಟರಿನ ಫ್ರೀಕ್ವೆನ್ಸಿಯನ್ನು ಕ್ಯೂವಿನ ಎರಡರಷ್ಟರಿಂದ ಭಾಗಿಸಿ, ಅದನ್ನು ಹೊರಗಿನ ಕರೆಂಟಿಗೂ ಆಸಿಲೇಟರಿನ ಸ್ವಂತ ಕರೆಂಟಿಗೂ ಇರುವ ಅನುಪಾತದಿಂದ ಗುಣಿಸಿದಷ್ಟು. ಇಲ್ಲಿ ಕ್ಯೂ ಎಂದರೆ ಸರ್ಕ್ಯೂಟಿನಲ್ಲಿ ಕೂತ ಮೇಲೆ ಇಡೀ ಟ್ಯಾಂಕಿಗೆ (ಕಾಯಿಲ್–ಕೆಪಾಸಿಟರ್ ಜೋಡಿಗೆ) ಉಳಿಯುವ ಕ್ಯೂ, ಬಿಡಿ ಕಾಯಿಲಿನದ್ದಲ್ಲ.

ನಿಮ್ಮ ಬಿಡಿಭಾಗಗಳ ಲೆಕ್ಕ ಹಾಕೋಣ. ಎರಡು 470 ಸರಣಿಯಲ್ಲಿ 235 ಪಿಕೋಫ್ಯಾರಡ್, ಆದ್ದರಿಂದ ಫ್ರೀಕ್ವೆನ್ಸಿ 1.038 ಮೆಗಾಹರ್ಟ್ಜ್, ಕಾಯಿಲಿನ ರಿಯಾಕ್ಟೆನ್ಸ್ 652 ಓಮ್. ಕ್ಯೂ 45ರ ಕಾಯಿಲಿನ ನಷ್ಟ ಟ್ಯಾಂಕಿಗೆ ಅಡ್ಡಲಾಗಿ 29 ಕಿಲೋ ಓಮ್ ಇಟ್ಟಷ್ಟು. ಎರಡು ಬಯಾಸ್ ರೆಸಿಸ್ಟರ್ ಸೇರಿ 23.5 ಕಿಲೋ ಓಮ್. ಎಮಿಟರಿನ 10 ಕಿಲೋ ಓಮ್ ಕೆಪಾಸಿಟರುಗಳ ನಡುಮಧ್ಯೆ ಕೂತಿರುವುದರಿಂದ ನಾಲ್ಕರಷ್ಟಾಗಿ, 40 ಕಿಲೋ ಓಮಿನಂತೆ ಕಾಣುತ್ತದೆ. ಇಂಜೆಕ್ಷನಿನ 47 ಕಿಲೋ ಓಮ್ ಕೂಡ ಲೋಡೇ. ಅದನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕೂ ಪ್ಯಾರಲಲ್ ಆಗಿ 8.1 ಕಿಲೋ ಓಮ್, ಅಂದರೆ ಕ್ಯೂ 12.5. ಕರೆಂಟಿನ ಅನುಪಾತ 0.1 ಎಂದು ಹಿಡಿದರೆ ಲಾಕ್ ವ್ಯಾಪ್ತಿ ಒಂದು ಬದಿಗೆ 4.15 ಕಿಲೋಹರ್ಟ್ಜ್. ನೀವು ಕಂಡದ್ದೂ ಅಷ್ಟೇ.

ಆ 0.1 ಅನುಪಾತವನ್ನೂ ಅಳೆದೇ ಖಚಿತಪಡಿಸಿಕೊಳ್ಳಿ. ಬೇಸಿನಲ್ಲಿ ಸುಮಾರು 3 ವೋಲ್ಟ್ ಪೀಕ್ ಇದ್ದರೆ ಸ್ವಂತ ಕರೆಂಟ್ 3 ಭಾಗಿಸು 8.1 ಕಿಲೋ, 0.37 ಮಿಲಿಆಂಪಿಯರ್. ಜನರೇಟರಿನ 1.75 ವೋಲ್ಟ್ ಪೀಕ್ 47 ಕಿಲೋ ಓಮಿನಲ್ಲಿ ಹಾಯಿಸುವುದು 37 ಮೈಕ್ರೋಆಂಪಿಯರ್. ಆದರೆ ಜನರೇಟರ್ 50 ಓಮ್ ಲೋಡಿನ ಸೆಟ್ಟಿಂಗಿನಲ್ಲಿದ್ದರೆ ಪರದೆಯ ಮೇಲೆ 3.5 ಎಂದು ತೋರಿಸಿ ನಿಮ್ಮ ಸರ್ಕ್ಯೂಟಿಗೆ 7 ವೋಲ್ಟ್ ಕೊಡುತ್ತಿರುತ್ತದೆ, ಲಾಕ್ ವ್ಯಾಪ್ತಿಯೂ ಇಮ್ಮಡಿಯಾಗುತ್ತದೆ. ‘ಹೈ ಝಡ್’ ಸೆಟ್ಟಿಂಗ್ ಮಾಡಿಕೊಂಡೇ ಅಳೆಯಿರಿ.

ಕ್ಯೂ ಏಕೆ ಬರುತ್ತದೆ ಎನ್ನುವುದಕ್ಕೆ ಫೇಸಿನ (ಅಲೆ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎನ್ನುವುದರ) ಲೆಕ್ಕ ಸಾಕು. ಆಸಿಲೇಟರ್ ತನ್ನ ಸಹಜ ಫ್ರೀಕ್ವೆನ್ಸಿಯಿಂದ ಸರಿದು ನಡೆಯಬೇಕಾದರೆ ಟ್ಯಾಂಕ್ ಸ್ವಲ್ಪ ಫೇಸ್ ತಿರುಗಿಸುತ್ತದೆ. ಆ ತಿರುವನ್ನು ಹೊರಗಿನ ಕರೆಂಟ್ ಸರಿದೂಗಿಸಬೇಕು. ಹತ್ತನೇ ಒಂದು ಪಾಲು ಕರೆಂಟ್ ಗರಿಷ್ಠ 5.7 ಡಿಗ್ರಿ ತಿರುಗಿಸಬಲ್ಲದು. ಟ್ಯಾಂಕ್ ಅಷ್ಟು ಡಿಗ್ರಿ ಕೊಡುವ ಫ್ರೀಕ್ವೆನ್ಸಿಯೇ ಲಾಕಿನ ಅಂಚು. ಕ್ಯೂ ಹೆಚ್ಚಿದಷ್ಟೂ ಆ 5.7 ಡಿಗ್ರಿ ಬೇಗ ಮುಗಿದುಹೋಗುತ್ತದೆ.

ಪ್ರೋಬನ್ನು ಬೇಸಿಗೆ ಇಡಬೇಡಿ. ಹತ್ತರ ಪ್ರೋಬಿನ 15 ಪಿಕೋಫ್ಯಾರಡ್ ಸಾಕು, ಫ್ರೀಕ್ವೆನ್ಸಿ ಸುಮಾರು 32 ಕಿಲೋಹರ್ಟ್ಜ್ ಕೆಳಗಿಳಿಯುತ್ತದೆ. ಅದು ಲಾಕ್ ವ್ಯಾಪ್ತಿಯ ಎಂಟು ಪಟ್ಟು. ಕಲೆಕ್ಟರಿಗೆ 100 ಓಮ್ ಸೇರಿಸಿ ಅಲ್ಲಿಂದ ಸಿಗ್ನಲ್ ತೆಗೆಯಿರಿ. ಕೆಲವೇ ಹತ್ತು ಮಿಲಿವೋಲ್ಟ್ ಸಿಗುತ್ತದೆ, ಸ್ಕೋಪಿಗೆ ಧಾರಾಳ. ಬೇಸಿನ ವೋಲ್ಟೇಜನ್ನು ಮಾತ್ರ ಒಮ್ಮೆ ಬೇರೆಯಾಗಿ ಅಳೆದು ಪ್ರೋಬ್ ತೆಗೆದುಬಿಡಿ. ಸ್ಕೋಪ್ ಟ್ರಿಗರ್ ಜನರೇಟರಿನ ಮೇಲಿರಲಿ. ಲಾಕ್ ಇದ್ದರೆ ಆಸಿಲೇಟರಿನ ಅಲೆ ನಿಂತಿರುತ್ತದೆ. ಜನರೇಟರನ್ನು ಲಾಕಿನ ಒಂದು ಅಂಚಿನಿಂದ ಇನ್ನೊಂದಕ್ಕೆ ನಡೆಸಿದರೆ ಅಲೆ ಹತ್ತಿರಹತ್ತಿರ 180 ಡಿಗ್ರಿ ಸರಿಯುತ್ತದೆ. ಅಂಚು ದಾಟಿದ ಮೇಲೆ ಬೀಟ್ (ಎರಡು ಅಲೆಗಳು ಸೆಕೆಂಡಿಗೆ ಎಷ್ಟು ಸಲ ಒಂದನ್ನೊಂದು ಜಾರಿ ದಾಟುತ್ತವೆ ಎನ್ನುವುದು) ಎಷ್ಟಿದೆ ನೋಡಿ. ಎರಡು ಫ್ರೀಕ್ವೆನ್ಸಿಗಳ ಅಂತರ 5 ಕಿಲೋಹರ್ಟ್ಜ್ ಇದ್ದರೂ ಬೀಟ್ 5 ಇರುವುದಿಲ್ಲ. ಅಂತರದ ವರ್ಗದಿಂದ ಲಾಕ್ ವ್ಯಾಪ್ತಿಯ ವರ್ಗ ಕಳೆದು ವರ್ಗಮೂಲ ತೆಗೆದಷ್ಟು, ಅಂದರೆ 2.8 ಕಿಲೋಹರ್ಟ್ಜ್. ರೆಕಾರ್ಡಿನಲ್ಲಿ ಈ ಗ್ರಾಫ್ ಬರೆಯದವರ ಪ್ರಯೋಗ ಅರ್ಧವೇ ಆದಂತೆ.

ಪ್ರಶ್ನೆ: ಹಳೆಯ ಕಪ್ಪು-ಬಿಳುಪು ಟಿವಿ ರಿಪೇರಿ ಮಾಡುವಾಗ ಚಿತ್ರ ಮೇಲೆ ಕೆಳಗೆ ಉರುಳಿದರೆ ವರ್ಟಿಕಲ್ ಹೋಲ್ಡ್ ತಿರುಗಿಸುತ್ತೇವೆ. ಅದನ್ನು ಸರಿಯಾಗಿ 50 ಹರ್ಟ್ಜಿಗೆ ಇಡದೆ ಸ್ವಲ್ಪ ಕಡಿಮೆಗೇ ಇಡಬೇಕು ಅಂತ ಹಳಬರು ಹೇಳುತ್ತಿದ್ದರು. ಕಾರಣ ತಿಳಿಸಿ.
— ಟಿವಿ ಮೆಕ್ಯಾನಿಕ್, ಹಾಸನ

ಉತ್ತರ: ಹಳಬರು ಹೇಳಿದ್ದು ಸರಿ. ಆ ಆಸಿಲೇಟರ್ ಕಾಯಿಲ್–ಕೆಪಾಸಿಟರ್ ಜೋಡಿಯದ್ದಲ್ಲ, ಕೆಪಾಸಿಟರ್ ತುಂಬಿ ಖಾಲಿಯಾಗುವ ಜಾತಿಯದು. ಕೆಪಾಸಿಟರ್ ಇನ್ನೇನು ಮಿತಿ ಮುಟ್ಟಬೇಕು ಎನ್ನುವಾಗ ಸಿಂಕ್ ಪಲ್ಸ್ (ಚಿತ್ರ ಶುರುವಾಗುವ ಹೊತ್ತನ್ನು ತಿಳಿಸುವ ಪಲ್ಸ್) ಬಂದು ಒಂದಿಷ್ಟು ಮುಂಚೆಯೇ ಅದನ್ನು ಹಾರಿಸಿಬಿಡುತ್ತದೆ. ಪಲ್ಸಿಗೆ ಬೇಗ ಹಾರಿಸಲು ಬರುತ್ತದೆ, ತಡೆದು ನಿಲ್ಲಿಸಲು ಬಾರದು. ಆದ್ದರಿಂದ ಆಸಿಲೇಟರ್ ತಾನಾಗಿ 50 ಹರ್ಟ್ಜಿಗಿಂತ ಕೆಲವು ಹರ್ಟ್ಜ್ ನಿಧಾನವಾಗಿ ನಡೆಯುತ್ತಿರಬೇಕು. 50ಕ್ಕಿಂತ ಜೋರಾಗಿದ್ದರೆ ಪಲ್ಸ್ ಬರುವ ಮೊದಲೇ ತಾನೇ ಹಾರಿರುತ್ತದೆ, ಚಿತ್ರ ಉರುಳುತ್ತದೆ. ತೀರಾ ನಿಧಾನವಾಗಿದ್ದರೆ ಪಲ್ಸ್ ಬಂದಾಗ ಕೆಪಾಸಿಟರ್ ಅರೆಬರೆ ತುಂಬಿರುತ್ತದೆ, ಹಾರುವುದೇ ಇಲ್ಲ. ಸೆಟ್ ಬಿಸಿಯಾದ ಮೇಲಷ್ಟೇ ಚಿತ್ರ ಉರುಳಲು ಶುರುವಾದರೆ ಹೋಲ್ಡ್ ತಿರುಗಿಸುತ್ತಾ ಕೂರುವ ಬದಲು ಟೈಮಿಂಗ್ ಕೆಪಾಸಿಟರ್ ಬದಲಿಸಿ.

ಅಡ್ಡ ಸಾಲುಗಳ 15,625 ಹರ್ಟ್ಜ್ ಆಸಿಲೇಟರಿಗೆ ಬಹುಪಾಲು ಸೆಟ್‌ಗಳಲ್ಲಿ ಪಲ್ಸನ್ನು ಹೀಗೆ ನೇರವಾಗಿ ಕೊಡುವುದಿಲ್ಲ. ಆಂಟೆನಾದಲ್ಲಿ ಸ್ಕೂಟರಿನ ಪ್ಲಗ್ಗಿನ ಕಿಡಿ ಸೇರಿದರೂ ಒಂದು ಸಾಲು ಜಾಗ ತಪ್ಪುತ್ತದೆ. ಅದಕ್ಕೆ ಫೇಸ್ ಹೋಲಿಸಿ, ಹಲವು ಸಾಲುಗಳ ಸರಾಸರಿ ತೆಗೆದು ತಿದ್ದುವ ಆಟೋಮ್ಯಾಟಿಕ್ ಫ್ರೀಕ್ವೆನ್ಸಿ ಕಂಟ್ರೋಲ್, ಅಂದರೆ ಎಎಫ್‌ಸಿ ಇರುತ್ತದೆ. ಈಗಿನವರು ಫೇಸ್ ಲಾಕ್ಡ್ ಲೂಪ್ ಅಥವಾ ಪಿಎಲ್‌ಎಲ್ ಎನ್ನುವುದು ಇದನ್ನೇ.

ಪ್ರಶ್ನೆ: 555 ಟೈಮರ್ ಐಸಿಯಲ್ಲಿ ಫ್ರೀಕ್ವೆನ್ಸಿಯನ್ನು ಮೂರರಿಂದ ಭಾಗಿಸುವ ಪ್ರಯೋಗ ಮಕ್ಕಳಿಗೆ ತೋರಿಸಬೇಕು. ಕೌಂಟರ್ ಐಸಿ ಬೇಡ, ಲಾಕಿಂಗ್‌ನಿಂದಲೇ ಆಗಬೇಕು.
— ಪಾಲಿಟೆಕ್ನಿಕ್ ಉಪನ್ಯಾಸಕಿ, ಶಿರಸಿ

ಉತ್ತರ: ಮೇಡಂ, ಬ್ರೆಡ್‌ಬೋರ್ಡಿನಲ್ಲೇ ಆಗುತ್ತದೆ. 5 ವೋಲ್ಟ್ ಸಪ್ಲೈ. 8 ಮತ್ತು 7ನೇ ಪಿನ್ ನಡುವೆ 10 ಕಿಲೋ ಓಮ್, 7 ಮತ್ತು 6ರ ನಡುವೆ 68 ಕಿಲೋ ಓಮ್, 2 ಮತ್ತು 6ನ್ನು ಜೋಡಿಸಿ ಅಲ್ಲಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡ್ (ಪಾಲಿಯೆಸ್ಟರ್ ಇರಲಿ, ಡಿಸ್ಕ್ ಸೆರಾಮಿಕ್ ಬೇಡ), 4ನೇ ಪಿನ್ ಸಪ್ಲೈಗೆ. ಲೆಕ್ಕಕ್ಕೆ 986 ಹರ್ಟ್ಜ್ ಬರಬೇಕು. ಕೈಗೆ ಬಂದ ಕೆಪಾಸಿಟರನ್ನು ನೋಡಿಕೊಂಡು ಶೇಕಡಾ 10 ಆಚೀಚೆ ಆದೀತು. ಮೊದಲು ಅದನ್ನು ಅಳೆದು ಬರೆದಿಡಿ.

5ನೇ ಪಿನ್ನಿನಿಂದ ಗ್ರೌಂಡಿಗೆ ರೂಢಿಯಲ್ಲಿ ಹಾಕುವ 10 ನ್ಯಾನೋಫ್ಯಾರಡನ್ನು ಈಗ ತೆಗೆದುಬಿಡಬೇಕು. ಅದಿದ್ದರೆ ಕೊಟ್ಟ ಸಿಗ್ನಲಿನ ಒಂದು ಪಾಲು ಅಲ್ಲೇ ಗ್ರೌಂಡಿಗೆ ಹೋಗುತ್ತದೆ.  ಜನರೇಟರಿನಿಂದ 100 ನ್ಯಾನೋಫ್ಯಾರಡ್ ಮತ್ತು 10 ಕಿಲೋ ಓಮ್ ಸರಣಿಯಲ್ಲಿ 5ನೇ ಪಿನ್ನಿಗೆ ಕೊಡಿ. ಒಳಗಿನ 5 ಕಿಲೋ ಓಮಿನ ಮೂರು ರೆಸಿಸ್ಟರುಗಳಿಂದ ಆ ಪಿನ್ 3.3 ಕಿಲೋ ಓಮಿನಂತೆ ಕಾಣುವುದರಿಂದ, ಕೊಟ್ಟ 2 ವೋಲ್ಟಿನಲ್ಲಿ ಕಾಲು ಭಾಗ, ಅರ್ಧ ವೋಲ್ಟ್, ಒಳಗೆ ತಲುಪುತ್ತದೆ. ಜನರೇಟರನ್ನು ಅಳೆದ ಫ್ರೀಕ್ವೆನ್ಸಿಯ ಮೂರರಷ್ಟಕ್ಕೆ, ಅಂದರೆ 2.96 ಕಿಲೋಹರ್ಟ್ಜ್ ಆಸುಪಾಸಿಗೆ ಇಟ್ಟು ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಟ್ರಿಗರನ್ನು 3ನೇ ಪಿನ್ನಿನ ಮೇಲಿಟ್ಟರೆ ಒಂದು ಚೌಕ ಅಲೆಗೆ ಮೂರು ಸೈನ್ ಅಲೆ ಅಲುಗದೆ ನಿಲ್ಲುವುದು ಕಾಣುತ್ತದೆ.

ವೋಲ್ಟೇಜ್ ಹೆಚ್ಚಿಸಿದರೆ ಹಿಡಿತ ಅಗಲವಾಗುತ್ತದೆ. ತೀರಾ ಹೆಚ್ಚಿಸಿದರೆ ಮೂರರ ಬದಲು ಎರಡಕ್ಕೆ ಅಂಟಿಕೊಳ್ಳಬಹುದು, ಅದನ್ನೂ ತೋರಿಸಿ. 7555ನಂಥ ಸಿಮಾಸ್ ಐಸಿಯಲ್ಲಿ ಒಳಗಿನ ರೆಸಿಸ್ಟೆನ್ಸ್ ಬಹಳ ಹೆಚ್ಚಿರುವುದರಿಂದ ಇದೇ 10 ಕಿಲೋ ಓಮಿನಲ್ಲಿ ಬಹುತೇಕ ಪೂರ್ತಿ ಸಿಗ್ನಲ್ ಒಳಗೆ ಹೋಗುತ್ತದೆ. ಅದಕ್ಕೆ ಅರ್ಧ ವೋಲ್ಟಿನಿಂದಲೇ ಶುರುಮಾಡಿ.

ಪ್ರಶ್ನೆ: ಈ ಲಾಕಿಂಗನ್ನು ಮೊದಲು ಗಮನಿಸಿದವರು ಯಾರು?
— ಪಿಯು ವಿದ್ಯಾರ್ಥಿ, ಕೊಪ್ಪಳ

ಉತ್ತರ: ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್, 1665ರಲ್ಲಿ. ಒಂದೇ ಆಧಾರಕ್ಕೆ ತೂಗುಹಾಕಿದ ಎರಡು ಲೋಲಕದ ಗಡಿಯಾರಗಳು ಸ್ವಲ್ಪ ಹೊತ್ತಿನಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ, ಒಂದೇ ಲಯದಲ್ಲಿ ತೂಗತೊಡಗಿದ್ದನ್ನು ಕಂಡರು. ಆಧಾರದ ಕಣ್ಣಿಗೆ ಕಾಣದ ಅಲುಗಾಟವೇ ಅಲ್ಲಿ ಇಂಜೆಕ್ಷನ್.

ಪ್ರಶ್ನೆ: 10 ಮೆಗಾಹರ್ಟ್ಜಿನ ಎರಡು ಹಳೆಯ ಓವನ್ ಕ್ರಿಸ್ಟಲ್ ಆಸಿಲೇಟರ್ (ಕ್ರಿಸ್ಟಲನ್ನು ಒಂದೇ ಬಿಸಿಯಲ್ಲಿಡುವ ಆಸಿಲೇಟರ್) ಕೊಂಡು ಒಂದೇ ಸಪ್ಲೈಗೆ ಹಾಕಿ ಹೋಲಿಸಿದೆ. ಗಂಟೆಗಟ್ಟಲೆ ನೋಡಿದರೂ ವ್ಯತ್ಯಾಸ ಸೊನ್ನೆ. ಇಷ್ಟು ಒಳ್ಳೆಯವು ಸಿಕ್ಕಿದ್ದು ಅದೃಷ್ಟವೇ?
— ಹ್ಯಾಮ್ ರೇಡಿಯೋ ಹವ್ಯಾಸಿ, ಮಂಗಳೂರು

ಉತ್ತರ: ಅದೃಷ್ಟ ಅಲ್ಲ, ಬಹುತೇಕ ಖಂಡಿತವಾಗಿ ಒಂದು ಇನ್ನೊಂದನ್ನು ಹಿಡಿದಿದೆ. ಕ್ರಿಸ್ಟಲಿನ ಕ್ಯೂ ಅಷ್ಟು ಹೆಚ್ಚಿರುವಾಗ ಲಾಕ್ ವ್ಯಾಪ್ತಿ ಅತಿ ಕಿರಿದು ಎಂಬ ಧೈರ್ಯ ನಿಮಗಿರಬಹುದು. ಕಿರಿದೇನೋ ಹೌದು, ಆದರೆ ನಿಮ್ಮ ಎರಡು ಆಸಿಲೇಟರುಗಳ ಅಂತರ ಅದಕ್ಕಿಂತಲೂ ಕಿರಿದು. ಕ್ಯೂ ಒಂದು ಲಕ್ಷ ಎಂದುಕೊಳ್ಳಿ. 10 ಮೆಗಾಹರ್ಟ್ಜನ್ನು ಎರಡು ಲಕ್ಷದಿಂದ ಭಾಗಿಸಿದರೆ 50 ಹರ್ಟ್ಜ್. ಅಂತರ 0.01 ಹರ್ಟ್ಜ್ ಇದ್ದರೆ ಲಾಕ್ ಆಗಲು ಐದು ಸಾವಿರದಲ್ಲಿ ಒಂದು ಪಾಲು ಸಿಗ್ನಲ್ ಸೋರಿದರೆ ಸಾಕು, ಸುಮಾರು 74 ಡೆಸಿಬೆಲ್ ಕೆಳಗೆ. ಹಂಚಿಕೊಂಡ ಸಪ್ಲೈ ತಂತಿಯಲ್ಲಿ ಅಷ್ಟು ಸೋರಿಕೆ ಏನೇನೂ ದೊಡ್ಡದಲ್ಲ.

ಪರೀಕ್ಷೆ ಸುಲಭ. ಒಂದರ ಟ್ಯೂನಿಂಗ್ ವೋಲ್ಟೇಜನ್ನು ಸಮಸಮ ಮೆಟ್ಟಿಲುಗಳಲ್ಲಿ ಏರಿಸುತ್ತಾ ವ್ಯತ್ಯಾಸ ಬರೆದುಕೊಳ್ಳಿ. ಸರಿಯಿದ್ದರೆ ಅದು ನೇರ ಗೆರೆಯಲ್ಲಿ ಸೊನ್ನೆಯನ್ನು ದಾಟಿ ಹೋಗುತ್ತದೆ. ಕೆಲವು ಮೆಟ್ಟಿಲು ಸೊನ್ನೆಯಲ್ಲೇ ಅಂಟಿ ಕೂತು ಆಮೇಲೆ ಹಾರಿದರೆ ಲಾಕ್ ಆಗಿದೆ ಎಂದೇ ತಿಳಿಯಿರಿ. ಪರಿಹಾರಕ್ಕೆ ಎರಡಕ್ಕೂ ಬೇರೆಬೇರೆ ರೆಗ್ಯುಲೇಟರ್, ಬೇರೆಬೇರೆ ತಗಡಿನ ಡಬ್ಬಿ, ಪ್ರತಿ ಔಟ್‌ಪುಟ್ಟಿಗೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಪ್ಯಾಡ್ ಮತ್ತು ಅದರ ಹಿಂದೆ ಹಿಮ್ಮುಖ ಸೋರಿಕೆ ತಡೆಯುವ ಬಫರ್. ಒಂದೇ 74ಎಚ್‌ಸಿ04 ಐಸಿಯ ಎರಡು ಗೇಟುಗಳನ್ನು ಎರಡು ಆಸಿಲೇಟರಿಗೆ ಹಂಚಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ. ಅಳತೆಯ ಹೊತ್ತಿಗೆ ಒಂದನ್ನು ಬೇಕೆಂದೇ 1 ಹರ್ಟ್ಜಿನಷ್ಟು ಸರಿಸಿಟ್ಟು, ಬೀಟ್ ಎಷ್ಟು ಬದಲಾಗುತ್ತದೆ ಎಂದು ನೋಡುವುದು ಇನ್ನೂ ಸುರಕ್ಷಿತ.

ಪ್ರಶ್ನೆ: 24 ಗಿಗಾಹರ್ಟ್ಜನ್ನು 12ಕ್ಕೆ ಇಳಿಸುವ ಇಂಜೆಕ್ಷನ್ ಲಾಕ್ಡ್ ಡಿವೈಡರ್ ವಿನ್ಯಾಸ ಮಾಡಿದ್ದೇವೆ. ಸಿಮ್ಯುಲೇಶನ್‌ನಲ್ಲಿ ಸರಿಯಿದ್ದದ್ದು ಚಿಪ್ ಬಂದಾಗ ಲಾಕ್ ಆಗುತ್ತಿಲ್ಲ. ಎಲ್ಲಿಂದ ಹುಡುಕಬೇಕು?
— ಚಿಪ್ ವಿನ್ಯಾಸಕ, ಬೆಂಗಳೂರು

ಉತ್ತರ: ಮೊದಲು ಇನ್‌ಪುಟ್ ಪೂರ್ತಿ ನಿಲ್ಲಿಸಿ, ಡಿವೈಡರ್ ತಾನಾಗಿ ಎಷ್ಟರಲ್ಲಿ ನಡೆಯುತ್ತಿದೆ ಅಳೆಯಿರಿ. ಟ್ಯಾಂಕಿನ ಕೆಪಾಸಿಟೆನ್ಸ್ ಶೇಕಡಾ 10 ತಪ್ಪಿದರೆ ಫ್ರೀಕ್ವೆನ್ಸಿ ಶೇಕಡಾ 5, ಅಂದರೆ 600 ಮೆಗಾಹರ್ಟ್ಜ್ ಸರಿಯುತ್ತದೆ. ಕ್ಯೂ 8, ಕರೆಂಟ್ ಅನುಪಾತ 0.3 ಎಂದರೆ ಔಟ್‌ಪುಟ್ಟಿನಲ್ಲಿ ನಿಮಗಿರುವ ವ್ಯಾಪ್ತಿ ಒಂದು ಬದಿಗೆ 225 ಮೆಗಾಹರ್ಟ್ಜ್ ಮಾತ್ರ. ಸ್ವಿಚ್ ಮಾಡುವ ಕೆಪಾಸಿಟರ್ ಬ್ಯಾಂಕ್ ಇಲ್ಲದ ಇಂಥ ಡಿವೈಡರನ್ನು ಫ್ಯಾಬಿಗೆ (ಚಿಪ್ ಕಾರ್ಖಾನೆಗೆ) ಕಳಿಸಲೇಬಾರದು ಎನ್ನುವುದು ನಮ್ಮ ಅಭಿಪ್ರಾಯ.

ಫ್ರೀಕ್ವೆನ್ಸಿ ಸರಿಯಿದ್ದೂ ಲಾಕ್ ಇಲ್ಲವಾದರೆ ಅನುಪಾತವನ್ನು ಅನುಮಾನಿಸಿ. ಟೇಲ್ ಟ್ರಾನ್ಸಿಸ್ಟರಿನ (ಆಸಿಲೇಟರಿನ ಟ್ರಾನ್ಸಿಸ್ಟರ್ ಜೋಡಿಗೆ ಕೆಳಗಿನಿಂದ ಕರೆಂಟ್ ಕೊಡುವುದರ) ಗೇಟಿಗೆ ಕೊಟ್ಟ 24 ಗಿಗಾಹರ್ಟ್ಜಿನ ಕರೆಂಟ್ ಪೂರ್ತಿ ಮೇಲಿನ ಜೋಡಿಗೆ ಹೋಗುವುದಿಲ್ಲ. ಟೇಲ್ ನೋಡಿನ (ಅದು ಆ ಜೋಡಿಗೆ ಸೇರುವ ಬಿಂದುವಿನ) ಪ್ಯಾರಸಿಟಿಕ್, ಅಂದರೆ ಬೇಡದಿದ್ದರೂ ತಾನಾಗಿ ಬರುವ, ಕೆಪಾಸಿಟೆನ್ಸ್ ಒಂದು ಪಾಲನ್ನು ಗ್ರೌಂಡಿಗೆ ಹರಿಸುತ್ತದೆ. ಲೇಔಟಿನಿಂದ ತೆಗೆದ ಪ್ಯಾರಸಿಟಿಕ್ ಇಲ್ಲದೆ ಓಡಿಸಿದ ಸಿಮ್ಯುಲೇಶನ್ ಇದನ್ನು ಮುಚ್ಚಿಡುತ್ತದೆ. ಆ ನೋಡಿಗೆ 24 ಗಿಗಾಹರ್ಟ್ಜಿನಲ್ಲಿ ಅನುರಣಿಸುವ ಸಣ್ಣ ಇಂಡಕ್ಟರ್ ಇಡಿ, ಇಲ್ಲವೇ ಟೇಲ್ ಬಿಟ್ಟು ಟ್ಯಾಂಕಿನ ಎರಡು ತುದಿಗಳ ನಡುವೆ ಸ್ವಿಚ್ಚಿನಂತೆ ಕೂತ ಟ್ರಾನ್ಸಿಸ್ಟರಿಗೆ ಇನ್‌ಪುಟ್ ಕೊಡಿ. ಕ್ಯೂ ತಗ್ಗಿಸಿದರೂ ವ್ಯಾಪ್ತಿ ಹಿಗ್ಗುತ್ತದೆ, ಆದರೆ ಬೆಲೆ ಕರೆಂಟಿನಲ್ಲಿ ತೆರಬೇಕು.

ಸಿಮ್ಯುಲೇಶನ್ ಎಷ್ಟು ಹೊತ್ತು ಓಡಿಸಿದಿರಿ ಎನ್ನುವುದೂ ಮುಖ್ಯ. ಅಂತರ 230 ಮೆಗಾಹರ್ಟ್ಜ್, ಲಾಕ್ ವ್ಯಾಪ್ತಿ 225 ಇದ್ದಾಗ ಬೀಟ್ ಸುಮಾರು 48 ಮೆಗಾಹರ್ಟ್ಜ್. ಒಂದು ಜಾರಿಕೆಗೆ 21 ನ್ಯಾನೋಸೆಕೆಂಡ್. ಅದರಲ್ಲಿ ಬಹುಪಾಲು ಹೊತ್ತು ಫೇಸ್ 90 ಡಿಗ್ರಿಯ ಬಳಿ ನಿಂತಂತೆಯೇ ಇದ್ದು, ಕೊನೆಗೆ ಸರ್ರನೆ ಒಂದು ಸುತ್ತು ಜಾರುತ್ತದೆ. 10 ನ್ಯಾನೋಸೆಕೆಂಡ್ ಓಡಿಸಿ ನೋಡಿದವರಿಗೆ ಅದು ಲಾಕ್ ಆದಂತೆಯೇ ಕಾಣುತ್ತದೆ. ಅಂಚಿನ ಬಳಿ ಕನಿಷ್ಠ 200 ನ್ಯಾನೋಸೆಕೆಂಡ್ ಓಡಿಸಿ, ಮೊದಲ ಕಾಲು ಭಾಗ ಬಿಟ್ಟು, ಉಳಿದದ್ದರಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ ಸೈಕಲ್‌ಗಳನ್ನು ಎಣಿಸಿ ಹೋಲಿಸಿ.