ಕಿರ್ಲೋಸ್ಕರ್ ರಸ್ತೆ ಮತ್ತು ಕಬ್ಬಿಣದ ರಂಟೆ

ಬೆಳಗಾವಿಯ ಪೇಟೆಯಲ್ಲಿ ಕಿರ್ಲೋಸ್ಕರ್ ರಸ್ತೆ ಎಂಬ ಫಲಕ ನೋಡಿ, ಪುಣೆ ಕಡೆಯ ಕಂಪನಿಯ ಹೆಸರು ಇಲ್ಲೇಕೆ ಎಂದು ಕೇಳಿದ್ದೀರಿ. ಆ ಮನೆತನದ ಉದ್ಯಮ ಹುಟ್ಟಿದ್ದೇ ನಮ್ಮ ಊರಿನಲ್ಲಿ.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ ಅವರಿಗೆ ಕೆಲವು ಬಣ್ಣಗಳನ್ನು ಗುರುತಿಸಲು ಕಣ್ಣು ಒದಗಲಿಲ್ಲ. ಹಾಗಾಗಿ ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಹಿಡಿದರು, ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠವನ್ನೂ ಹೇಳಿದರು. 1888ರಲ್ಲಿ ಅಣ್ಣ ರಾಮಚಂದ್ರರಾಯರ ಜೊತೆಗೂಡಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯೇ ಇಡೀ ಉದ್ಯಮದ ಬೇರು. ಆ ಅಂಗಡಿಯಿಂದಲೇ ರಸ್ತೆಗೆ ಹೆಸರು ಬಂತು.

ಸೈಕಲ್ಲಿನ ನಂತರ ಮೇವು ಕತ್ತರಿಸುವ ಯಂತ್ರ, ಅದರ ಬೆನ್ನಿಗೆ ಕಬ್ಬಿಣದ ರಂಟೆ. ರಂಟೆಯೆಂದರೆ ನಮ್ಮ ಕಡೆ ನೇಗಿಲು. ಕಟ್ಟಿಗೆಯ ರಂಟೆ ನೆಲವನ್ನು ಸೀಳುತ್ತದೆಯೇ ಹೊರತು ಮಣ್ಣನ್ನು ಮಗುಚುವುದಿಲ್ಲ. ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಕರಿಕೆಯ, ಅಂದರೆ ಗರಿಕೆ ಹುಲ್ಲಿನ, ಬೇರು ಆಳಕ್ಕಿಳಿದರೆ ಆ ರಂಟೆಯ ಮೊನೆ ಮೇಲೆಯೇ ಜಾರಿಹೋಗುತ್ತದೆ. ಕಬ್ಬಿಣದ ರಂಟೆಯ ಬಾಗಿದ ರೆಕ್ಕೆ ಅಡಿಯ ಹೆಂಟೆಯನ್ನೆತ್ತಿ ಬೋರಲು ಹಾಕುವುದರಿಂದ ಕರಿಕೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಷ್ಟು ಉಪಯೋಗವಿದ್ದರೂ ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬ ಅಂಜಿಕೆ ರೈತರಲ್ಲಿತ್ತು, ಮೊದಲ ರಂಟೆಗಳು ಬಹುಕಾಲ ಮಾರಾಟವಾಗಲಿಲ್ಲ. ಆ ಅಂಜಿಕೆಯನ್ನು ನಾನು ಮೂಢತನವೆನ್ನಲಾರೆ. ವರ್ಷದ ಕೂಳಿಗೆ ಒಂದೇ ಹೊಲವಿದ್ದವನು ಅದರ ಮೇಲೆ ಪ್ರಯೋಗ ಮಾಡುವುದಾದರೂ ಹೇಗೆ? ಕೊಳ್ಳುವವರಿಲ್ಲದ ಆ ದಿನಗಳಲ್ಲಿಯೂ ಅಣ್ಣತಮ್ಮಂದಿರು ಕೈಬಿಡದೆ ನಿಂತದ್ದನ್ನು ನೆನೆದಾಗ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಅಷ್ಟರಲ್ಲಿ ಹೊಸ ಬಡಾವಣೆಗಾಗಿ ಬೆಳಗಾವಿಯ ಅವರ ಕಾರ್ಖಾನೆಯ ಜಾಗ ತೆರವು ಮಾಡಬೇಕಾಯಿತು. ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ಅರಸರು ನೆರವಿತ್ತು ಕರೆದರು. 1910ರಲ್ಲಿ ಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ 32 ಎಕರೆ ಬರಡು ನೆಲದ ಮೇಲೆ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಎದ್ದಿತು. ಅದೀಗ ಸಾಂಗ್ಲಿ ಜಿಲ್ಲೆಯಲ್ಲಿದೆ. 1920ರಲ್ಲಿ ಉದ್ಯಮ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಆಯಿತು. ಲಕ್ಷ್ಮಣರಾಯರ ಮಗ ಶಂತನುರಾವ್ ಅಮೆರಿಕದಲ್ಲಿ ಯಂತ್ರಶಾಸ್ತ್ರ ಓದಿ ಬಂದು ಜೊತೆಗೂಡಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಅಲ್ಲಿನ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ, ಯಂತ್ರಗಳ ಮುಂದೆ ನಿಂತು ಕೈಕೆಲಸ ಕಲಿತ ಟರ್ನರುಗಳು ನಾಡಿನ ಎಷ್ಟೋ ವರ್ಕ್‌ಶಾಪುಗಳಲ್ಲಿದ್ದಾರೆ.

ಈ ಉದ್ಯಮ ಮರಾಠಿಗರದೋ ಕನ್ನಡಿಗರದೋ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಗಡಿಯವನಾಗಿ ಹೀಗೆ ಹೇಳುತ್ತೇನೆ: ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು, ಎರಡನ್ನೂ ಒಂದೇ ಬಾಯಲ್ಲಿ ಆಡುವ ಊರು ನಮ್ಮದು. ಅಂಗಡಿ ತೆರೆದಾಗ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಲಕ್ಷ್ಮಣರಾಯರು ಅದೇ ವರ್ಷದ ಸೆಪ್ಟೆಂಬರ್ 26ರಂದು ತೀರಿಕೊಂಡಿದ್ದರು.