ಸ್ಟೀಲ್ ಗಿಟಾರ್ ಎಲ್ಲಿ ಸಿಗುತ್ತೆ?

ಪ್ರಶ್ನೆ: ತೊಡೆ ಮೇಲೆ ಮಲಗಿಸಿ ನುಡಿಸುವ ಸ್ಟೀಲ್ ಗಿಟಾರ್ ಬೇಕು. ಅಂಗಡಿಯಲ್ಲಿ ಕೇಳಿದರೆ ಸ್ಟೀಲ್ ತಂತಿಯ ಮಾಮೂಲಿ ಗಿಟಾರ್ ತೋರಿಸುತ್ತಾರೆ. ಬೆಂಗಳೂರಲ್ಲಿ ಎಲ್ಲಿ ಹುಡುಕಲಿ?

ಉತ್ತರ: ‘ಹವಾಯನ್ ಗಿಟಾರ್’ ಅಂತ ಕೇಳಿ ನೋಡಿ, ಬೇಗ ಅರ್ಥವಾಗುತ್ತೆ. ಬಳೇಪೇಟೆಯಲ್ಲಿ ವೀಣೆ, ತಬಲಾ ಮಾರುವ ಹಳೇ ಅಂಗಡಿಗಳಿವೆಯಲ್ವಾ, ಅಲ್ಲಿಂದಲೇ ಶುರು ಮಾಡಿ, ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು. ಆದರೆ ಮೊದಲು ಫೋನ್ ಮಾಡಿ ವಿಚಾರಿಸಿ, ಸುಮ್ನೆ ಅಲೆಯಬೇಡಿ. ಗಿಟಾರ್ ಕೈಗೆ ಸಿಕ್ಕಾಗ ತಂತಿಗಳನ್ನೇ ನೋಡಿ: ಅವು ಒಳ್ಳೇ ಎತ್ತರದಲ್ಲಿರಬೇಕು, ನುಡಿಸುವ ಉಕ್ಕಿನ ಸರಳನ್ನು ಮೇಲಿಂದ ಕೆಳಗೆ ಮೆಲ್ಲಗೆ ಜಾರಿಸಿದಾಗ ಎಲ್ಲೂ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಅಡ್ಡ ಪಟ್ಟಿಗೆ) ತಾಗಿ ಕಟಕಟ ಅನ್ನಬಾರದು. ಸಿಗಲಿಲ್ಲವಾ? ಬೇಜಾರು ಬೇಡ. ನಿಮ್ಮ ಮಾಮೂಲಿ ಗಿಟಾರ್‌ನ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಸಣ್ಣ ಪಟ್ಟಿ) ಮೇಲೆ ತಂತಿ ಎತ್ತರಿಸುವ ಸಣ್ಣ ಲೋಹದ ತುಂಡು ಕೂರಿಸಿದರೆ ಕಲಿಯಲು ಧಾರಾಳ ಸಾಕು.