ತಿಂಡಿ ಟೇಬಲ್ಲಿನ ಕ್ವಾಂಟಮ್ ಜಗಳ

ಪ್ರಶ್ನೆ: ವಾಟ್ಸಾಪ್‌ನಲ್ಲಿ ಹಳೇ ಗ್ರೂಪ್ ಫೋಟೋ ಒಂದು ಬಂತು. 29 ವಿಜ್ಞಾನಿಗಳು, ಅವರಲ್ಲಿ 17 ಜನಕ್ಕೆ ನೊಬೆಲ್ ಅಂತೆ. ನಿಜಾನಾ? ಆ ಸಭೆಯಲ್ಲಿ ಐನ್‌ಸ್ಟೈನ್ ಸೋತರು ಅಂತಾರಲ್ಲ, ಏನಾಯ್ತು ಸಾರ್?
– ಓದುಗರು, ಅರಸೀಕೆರೆ

ಉತ್ತರ: ವಾಟ್ಸಾಪ್‌ನಲ್ಲಿ ಬಂದರೂ ನಿಜವೇ! ಅದು 1927ರ ಅಕ್ಟೋಬರ್ ಕೊನೆಯಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಐದನೇ ಸಾಲ್ವೇ ಸಮ್ಮೇಳನ. ವಾಷಿಂಗ್ ಸೋಡಾ ತಯಾರಿಸಿ ಶ್ರೀಮಂತರಾದ ಅರ್ನೆಸ್ಟ್ ಸಾಲ್ವೇ ಇಟ್ಟ ದತ್ತಿಯಿಂದ ನಡೆಯುತ್ತಿದ್ದ ಸಭೆ. 17ರಲ್ಲಿ ಕೆಲವರಿಗೆ ನೊಬೆಲ್ ಆಗಲೇ ಬಂದಿತ್ತು, ಉಳಿದವರಿಗೆ ಆಮೇಲೆ ಬಂತು. ಮೇರಿ ಕ್ಯೂರಿ ಅವರಿಗೆ ಎರಡು. ಅಷ್ಟು ಜನರ ನಡುವೆ ಅವರೊಬ್ಬರೇ ಹೆಂಗಸು.

ಫೋಟೋ ಇನ್ನೊಮ್ಮೆ ತೆಗೆದು ನೋಡಿ. ಮುಂದಿನ ಸಾಲಿನ ನಟ್ಟನಡುವೆ ಐನ್‌ಸ್ಟೈನ್. ಎರಡನೇ ಸಾಲಿನ ಬಲತುದಿಯಲ್ಲಿ ನೀಲ್ಸ್ ಬೋರ್. ಜಗಳ ಇವರಿಬ್ಬರದು, ಅತಿಸಣ್ಣ ಕಣಗಳ ನಡವಳಿಕೆ ಹೇಳುವ ಕ್ವಾಂಟಮ್ ಸಿದ್ಧಾಂತದ ಮೇಲೆ. ಕಣದ ಜಾಗ, ವೇಗ ಎರಡನ್ನೂ ಒಟ್ಟಿಗೆ ಕರಾರುವಾಕ್ಕಾಗಿ ಹೇಳಲಾಗದು ಎಂದು ಹೈಸನ್‌ಬರ್ಗ್ ಅದೇ ವರ್ಷ ಹೇಳಿದ್ದರು. ಐನ್‌ಸ್ಟೈನ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ತಿಂಡಿಗೆ ಬಂದಾಗ ಬೋರ್ ಮುಂದೆ ಒಂದು ಹೊಸ ಪ್ರಯೋಗ ಇಡುತ್ತಿದ್ದರು, ಬರೀ ತಲೆಯಲ್ಲೇ ಮಾಡುವಂಥದ್ದು. ರಾತ್ರಿ ಊಟದ ಹೊತ್ತಿಗೆ ಬೋರ್ ಅದರ ಲೋಪ ಹಿಡಿದಿರುತ್ತಿದ್ದರು. ಇದನ್ನು ಹೇಳಿದವರು ಹೈಸನ್‌ಬರ್ಗೇ.

ಮಜಾ ಇರುವುದು 1930ರ ಸಮ್ಮೇಳನದಲ್ಲಿ. ಅಲ್ಲಿನ ವಿಷಯ ಕಾಂತತ್ವ, ಇವರು ಜಗಳ ಆಡಿದ್ದು ಬೇರೆಯದಕ್ಕೆ! ಜಾಗ, ವೇಗದ ಹಾಗೆಯೇ ಶಕ್ತಿ, ಸಮಯ ಎರಡನ್ನೂ ಒಟ್ಟಿಗೆ ಕರಾರುವಾಕ್ಕಾಗಿ ಹೇಳಲಾಗದು ಅನ್ನುವುದಕ್ಕೆ. ಐನ್‌ಸ್ಟೈನ್ ಹೇಳಿದರು: ಬೆಳಕು ತುಂಬಿದ ಪೆಟ್ಟಿಗೆ, ಅದರಲ್ಲಿ ಒಂದು ಗಡಿಯಾರ. ಗೊತ್ತಾದ ಹೊತ್ತಿಗೆ ಕಿಂಡಿ ತೆರೆದು ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಹೊರಗೆ ಹೋಗಲಿ. ಪೆಟ್ಟಿಗೆಯನ್ನು ಮೊದಲೂ ಆಮೇಲೂ ತೂಗಿ. ತೂಕದಿಂದ ಶಕ್ತಿ ಸಿಕ್ಕಿತು, ಗಡಿಯಾರದಿಂದ ಸಮಯ ಸಿಕ್ಕಿತು. ಎರಡೂ ಕರಾರುವಾಕ್ಕು. ಈಗೇನಂತೀರಿ?

ಬೋರ್ ಆ ಸಂಜೆಯೆಲ್ಲಾ ಒದ್ದಾಡಿದರು. ಮರುದಿನ ಬೆಳಿಗ್ಗೆ ಉತ್ತರ ತಂದರು, ಅದೂ ಐನ್‌ಸ್ಟೈನ್‌ರದೇ ಸಾಪೇಕ್ಷತಾ ಸಿದ್ಧಾಂತದಿಂದಲೇ. ತೂಗುವಾಗ ಪೆಟ್ಟಿಗೆ ಮೇಲೆ ಕೆಳಗೆ ಆಡುತ್ತದೆ. ಗುರುತ್ವದಲ್ಲಿ ಎತ್ತರ ಬದಲಾದರೆ ಗಡಿಯಾರದ ನಡಿಗೆಯೂ ಬದಲಾಗುತ್ತದೆ. ಅಲ್ಲಿಗೆ ಸಮಯ ಕೈತಪ್ಪಿತು!

ಹಾಗಂತ ‘ಸೋತರು’ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಅವರು 1935ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಇನ್ನೂ ಗಟ್ಟಿ ತಕರಾರು ಎತ್ತಿದರು, ಕ್ವಾಂಟಮ್ ಸಿದ್ಧಾಂತ ಅಪೂರ್ಣ ಅಂತ. 1964ರಲ್ಲಿ ಜಾನ್ ಬೆಲ್ ಆ ತಕರಾರನ್ನು ಅಳೆದು ನೋಡುವ ದಾರಿ ತೋರಿಸಿದರು. ಅಳೆದ ಆಸ್ಪೆ, ಕ್ಲೌಸರ್, ಝೈಲಿಂಗರ್‌ಗೆ 2022ರ ನೊಬೆಲ್ ಬಂತು. ಫಲಿತಾಂಶ ಐನ್‌ಸ್ಟೈನ್ ಬಯಸಿದಂತೆ ಇರಲಿಲ್ಲ, ಸರಿ. ಅವರು ಹಟ ಹಿಡಿಯದಿದ್ದರೆ ಅಳೆಯುವ ಯೋಚನೆ ಯಾರಿಗೆ ಬರುತ್ತಿತ್ತು, ಹೇಳಿ?

ಪ್ರಶ್ನೆ: ಕ್ವಾಂಟಮ್ ಪೆಂಡೆಂಟ್ ಹಾಕಿಕೊಂಡರೆ ಮಂಡಿನೋವು ಹೋಗುತ್ತಾ?
– ಓದುಗರು, ಶಿರಸಿ

ಉತ್ತರ: ದುಡ್ಡು ಹೋಗುತ್ತೆ.

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷ. ಇಂಥ ಸಭೆಗಳಿಗೆ ನಮ್ಮಂಥವರನ್ನು ಸೇರಿಸುತ್ತಾರಾ? ಹೋದರೂ ಅರ್ಥ ಆಗುತ್ತಾ?
– ಓದುಗರು, ಹೊಸದುರ್ಗ

ಉತ್ತರ: ಸಂಶೋಧಕರ ಸಮ್ಮೇಳನಗಳಿಗೆ ಸಾಮಾನ್ಯವಾಗಿ ಅರ್ಜಿ ಹಾಕಬೇಕು, ನಿಮಗೆ ಈಗಲೇ ಕಷ್ಟ. ಆದರೆ ಹೆಸರಘಟ್ಟ ಹೋಬಳಿಯ ಸಂಶೋಧನಾ ಸಂಸ್ಥೆ ಐಸಿಟಿಎಸ್ ತನ್ನ ಉಪನ್ಯಾಸಗಳನ್ನು ಯೂಟ್ಯೂಬ್‌ಗೆ ಹಾಕುತ್ತದೆ. ಬೆಂಗಳೂರಿನ ನೆಹರೂ ತಾರಾಲಯದಲ್ಲಿ ಅವರದೇ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಎಂಬ ಸಾರ್ವಜನಿಕ ಉಪನ್ಯಾಸಗಳು ನಡೆದಿವೆ, ಅಂಥದ್ದು ಯಾವಾಗ ಇದೆ ನೋಡಿಕೊಂಡು ಬಸ್ ಹತ್ತಿ. ಐಐಎಸ್‌ಸಿ ಓಪನ್ ಡೇ ದಿನ ಲ್ಯಾಬ್‌ಗಳಿಗೇ ನುಗ್ಗಬಹುದು.

ಪೂರ್ತಿ ಅರ್ಥ ಆಗಲ್ಲ, ಹೆದರಬೇಡಿ. ಎಂಎಸ್ಸಿ ಪಾಠ ಮಾಡಿದ ನನಗೂ ಎಷ್ಟೋ ಭಾಷಣಗಳಲ್ಲಿ ಮೊದಲ ಹತ್ತು ನಿಮಿಷವೇ ಗತಿ. ಭಾಷಣ ಮುಗಿದ ಕೂಡಲೇ ಎದ್ದು ಬರಬೇಡಿ, ಪ್ರಶ್ನೋತ್ತರಕ್ಕೆ ಕೂರಿ. ಆಮೇಲೆ ಕಾಫಿ ಲೋಟ ಹಿಡಿದು ಪಿಎಚ್‌ಡಿ ಹುಡುಗರ ಪಕ್ಕ ನಿಂತು ‘ಆ ಮೂರನೇ ಸ್ಲೈಡ್ ಏನು?’ ಅಂತ ಸುಮ್ನೆ ಕೇಳಿ. ಪ್ರೊಫೆಸರ್‌ಗಳಿಗಿಂತ ಅವರು ಚೆನ್ನಾಗಿ ಬಿಡಿಸಿ ಹೇಳುತ್ತಾರೆ, ಟೈಮೂ ಜಾಸ್ತಿ ಕೊಡುತ್ತಾರೆ.